ಹೊಸ ಗಾಡಿಗೆ ಅಪ್ಪಾಜಿ ಹೊಡೆಸಿದ ಸಪೋರ್ಟು

ಶೋರೂಮಿನ ಹುಡುಗ ಬಾಗಿಲು ತೆಗೆದು "ಕೂತ್ಕೊಂಡು ನೋಡಿ ಸರ್" ಎಂದರೆ ನಮ್ಮ ಅಪ್ಪಾಜಿ ಕೂರುತ್ತಿರಲಿಲ್ಲ. ಮೊದಲು ಬಾನೆಟ್ಟಿನ ಮೇಲೆ ಹೆಬ್ಬೆರಳಿಟ್ಟು ಅದುಮುತ್ತಿದ್ದರು. ತಗಡು ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಅವರ ಹುಬ್ಬು ಮೇಲೇರುತ್ತಿತ್ತು. ಆಮೇಲೆ ತೆಂಗಿನಕಾಯಿ ಕೊಳ್ಳುವವರ ಹಾಗೆ ಬಾಗಿಲನ್ನು ಬೆರಳಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಕೈಚೀಲದಿಂದ ಹಳೆಯ ಪೇಪರು ತೆಗೆದು ಆ ಹೊಳೆಯುವ ನೆಲಕ್ಕೆ ಹಾಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ಅಂಗಾತ ಮಲಗಿಬಿಡುತ್ತಿದ್ದರು. ಹೊರಗೆ ಅವರ ಕಾಲು ಮಾತ್ರ ಕಾಣುತ್ತಿತ್ತು. ಅಲ್ಲಿದ್ದವರು ಮುಸಿಮುಸಿ ನಗುತ್ತಿದ್ದರು. ನಾನು ಆ ಕಾಲುಗಳ ಪಕ್ಕದಲ್ಲಿ ನಿಂತು, ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ದುರುಗುಟ್ಟಿಕೊಂಡು ನೋಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಎಸ್‌ಯುವಿ ಎಂಬ ಮಾತು ಶಿವಮೊಗ್ಗದಲ್ಲಿ ಇನ್ನೂ ಯಾರ ಬಾಯಿಗೂ ಹತ್ತಿರಲಿಲ್ಲ. ಜೀಪಿಗಿಂತ ನಾಜೂಕಾಗಿ, ಕಾರಿಗಿಂತ ಎತ್ತರವಾಗಿ, ಮನೆಮಂದಿಯನ್ನೆಲ್ಲ ಹಿಡಿಸುವಂಥದ್ದು ಯಾವುದೇ ಇರಲಿ, ಅದು 'ದೊಡ್ಡ ಗಾಡಿ'. ನಮಗೆ ಅಂಥದ್ದೇ ಬೇಕಿತ್ತು. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮಾವ, ಜೊತೆಗೆ ಅತ್ತೆಯ ತಿಂಡಿ ಡಬ್ಬಿಗಳು. ನಾನು ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ, ಯಜಮಾನರು ಅಡಿಕೆ ಮಂಡಿಯಲ್ಲಿದ್ದರು. ಯಾವ ಗಾಡಿ ಎಂದು ಕೇಳಿದರೆ ಅವರು, "ನೀನು, ನಿಮ್ಮಪ್ಪಾಜಿ ನೋಡ್ಕೊಂಡ್ ಬನ್ನಿ ಮಾರಾಯ್ತಿ. ನಾಕು ಗಾಲಿ ಇದ್ರೆ ಸಾಕು ನಂಗೆ" ಎಂದು ಕೈತೊಳೆದುಕೊಂಡರು.

ಅಪ್ಪಾಜಿಯನ್ನು ಕರೆದದ್ದು ನಾನೇ, ಬೇಕೆಂದೇ ಕರೆದದ್ದು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಮಾಲು ಗೇಟು ದಾಟುವ ಮುನ್ನ ಅವರ ಕಣ್ಣು ದಾಟಬೇಕಿತ್ತು. ಸರಿಯಿಲ್ಲದ್ದನ್ನು ಅವರು ರಿಜೆಕ್ಟ್ ಮಾಡಿದರೆ ಮೇಲಿನ ಇಂಜಿನಿಯರು ಬಂದು ಗೋಗರೆದರೂ ಬದಲಾಗುತ್ತಿರಲಿಲ್ಲವಂತೆ. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆ ಸೊರಗಿ, ಜನರನ್ನು ಸ್ವಯಂ ನಿವೃತ್ತಿ ಎಂದು ಮನೆಗೆ ಕಳಿಸತೊಡಗಿದಾಗ ಇವರೂ ಬಂದುಬಿಟ್ಟರು. ಕ್ವಾರ್ಟರ್ಸ್ ಬಿಟ್ಟು ಅದೇ ಊರಿನ ಜನ್ನಾಪುರದಲ್ಲಿ ಮನೆ ಮಾಡಿದರು. ಆದರೂ ಶಿಫ್ಟಿನ ಸೈರನ್ ಕೂಗಿದರೆ ಜಗಲಿಯಲ್ಲಿ ಕೂತವರು ವಾಚು ನೋಡಿಕೊಳ್ಳುತ್ತಿದ್ದರು. ನಾನು ಹೋದಾಗಲೆಲ್ಲ ಅಮ್ಮನದು ಒಂದೇ ದೂರು. "ಮನೇಲಿರೋ ಒಂದು ಪಾತ್ರೆ ಬಿಡಲ್ಲ ಕಣೆ, ತಟ್ಟಿ ತಟ್ಟಿ ನೋಡ್ತಾರೆ. ಮೊನ್ನೆ ನನ್ನ ಕುಕ್ಕರಿಗೆ ಹೆಸರಿಟ್ರು. ಅದೂ ರಿಜೆಕ್ಟು!"

ಅಮ್ಮ ನಗುತ್ತಿದ್ದರು, ನನಗೆ ಸಂಕಟವಾಗುತ್ತಿತ್ತು. ಅಷ್ಟು ವರ್ಷ ನೂರಾರು ಜನ ಯಾರ ಮಾತಿಗಾಗಿ ಕಾಯುತ್ತಿದ್ದರೋ, ಆ ಮನುಷ್ಯನನ್ನು ಈಗ ಯಾರೂ ಏನೂ ಕೇಳುತ್ತಿರಲಿಲ್ಲ. ತನ್ನ ಕಣ್ಣು, ತನ್ನ ಕೈ ಯಾರಿಗಾದರೂ ಇನ್ನೂ ಬೇಕಾಗಿದೆ ಎಂದು ಅವರಿಗೆ ಅನ್ನಿಸಲೇಬೇಕಿತ್ತು. ಇಲ್ಲದಿದ್ದರೆ ಆ ಜಗಲಿಯಲ್ಲೇ ಅವರು ಮುದುಡಿಹೋಗುತ್ತಾರೆಂದು ನನಗೆ ಭಯವಾಗಿತ್ತು. ಗಾಡಿ ತೆಗೆದುಕೊಳ್ಳುವ ವಿಷಯ ಹೇಳಿ "ನೀವು ಬಂದು ನೋಡ್ದೆ ನಾನು ತಗೊಳಲ್ಲ ಅಪ್ಪಾಜಿ" ಎಂದ ದಿನ ಅವರು ಎದ್ದುಹೋಗಿ ಗಡ್ಡ ಹೆರೆದುಕೊಂಡು ಬಂದರು.

ಹೀಗೆ ಶುರುವಾದವು ನಮ್ಮ ಶನಿವಾರಗಳು. ಅವರು ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅರ್ಧ ದಿನದ ಕಾಲೇಜು ಮುಗಿಸಿ ನಾನು ಬಸ್ ಸ್ಟ್ಯಾಂಡಿಗೆ ಹೋದರೆ, ಹಣೆಗೆ ವಿಭೂತಿ ಧರಿಸಿ, ಚೀಲ ಹಿಡಿದು, ಡ್ಯೂಟಿಗೆ ಹೊರಟವರ ಹಾಗೆ ನೆಟ್ಟಗೆ ನಿಂತಿರುತ್ತಿದ್ದರು. ನಾವು ನೋಡುತ್ತಿದ್ದದ್ದು ಮೂರು ಗಾಡಿ. ಒಂದು ಗಟ್ಟಿಮುಟ್ಟಾದದ್ದು. ಬಾಗಿಲು ಹಾಕಿದರೆ 'ಧಪ್' ಎಂದು ಮೈತುಂಬ ಸದ್ದಾಗುತ್ತಿತ್ತು. ಅಪ್ಪಾಜಿಗೆ ನೋಡಿದ ಕ್ಷಣವೇ ಅದರ ಮೇಲೆ ಮನಸ್ಸಾಯಿತು. ಇನ್ನೊಂದು ನುಣುಪಾಗಿ, ಒಳಗೆ ತಂಪಾಗಿ, ಸದ್ದಿಲ್ಲದೆ ಓಡುತ್ತಿತ್ತು. ಆದರೆ ಹೆಬ್ಬೆರಳು ಇಟ್ಟರೆ ತಗಡು ಬಳುಕುತ್ತಿತ್ತು. "ಇದು ಗಾಡಿ ಅಲ್ಲಮ್ಮ, ಬಿಸ್ಕತ್ ಡಬ್ಬ" ಎಂದರು, ಸೇಲ್ಸಿನ ಹುಡುಗನ ಎದುರಿಗೇ. ಮೂರನೆಯದಕ್ಕೆ ತಗಡೇನೋ ಪರವಾಗಿಲ್ಲ, ಆದರೆ ಬಾಗಿಲಿಗೂ ಬಾಡಿಗೂ ನಡುವಿನ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆ. ಅದನ್ನು ತೋರಿಸಿದಾಗ ಹುಡುಗ, "ಅದು ಡಿಸೈನೇ ಹಂಗೆ ಸರ್" ಎಂದ. ಅಪ್ಪಾಜಿ ನಕ್ಕರು. ಅಷ್ಟು ದೊಡ್ಡದಾಗಿ ಅವರು ನಕ್ಕದ್ದನ್ನು ಕೇಳಿ ಬಹಳ ದಿನವಾಗಿತ್ತು.

ವಾರಂಟಿ ನನ್ನ ಇಲಾಖೆ. ಶೋರೂಮಿನ ಮುಂಭಾಗದಲ್ಲಿ ಕೊಡುವ ಕಾಫಿಗೆ ಮರುಳಾಗುವ ಜಾಯಮಾನ ನನ್ನದಲ್ಲ. ಅಪ್ಪಾಜಿ ಗಾಡಿಯ ಕೆಳಗೆ ಮಲಗಿದ ಹೊತ್ತಿನಲ್ಲಿ ನಾನು ವಾರಂಟಿ ಪುಸ್ತಕದ ಸಣ್ಣ ಅಕ್ಷರಗಳನ್ನೆಲ್ಲ ಓದಿ, ಆಮೇಲೆ ಹಿತ್ತಿಲಿನ ಸರ್ವಿಸ್ ಶೆಡ್ಡಿಗೆ ಹೋಗಿ ಅಲ್ಲಿ ಗಾಡಿ ಬಿಟ್ಟು ಕಾಯುತ್ತಿದ್ದವರನ್ನು ಮಾತಿಗೆಳೆಯುತ್ತಿದ್ದೆ. ಗಟ್ಟಿಮುಟ್ಟಾದ ಗಾಡಿಯವರ ಶೆಡ್ಡಿನಲ್ಲಿ ಆಯನೂರಿನ ತೋಟದವರೊಬ್ಬರು ಕಲ್ಲುಬೆಂಚಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರು. ಗಾಡಿ ಹೇಗಿದೆ ಎಂದು ಕೇಳಿದೆ.

"ಗಾಡಿ ಬಂಡೆ ಅಕ್ಕಾ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಪಾರ್ಟು ಬೆಂಗ್ಳೂರಿಂದ ಬರ್ಬೇಕು ಅಂತಾರೆ. ಯುಗಾದಿಗೆ ಬರುತ್ತೆ ಅಂದ್ರು, ಈಗ ಗಣಪತಿ ಹಬ್ಬ ಬಂತು. ಅಲ್ನೋಡಿ ನನ್ ಗಾಡಿ." ಬೇಲಿಯ ಪಕ್ಕ ನಿಂತಿದ್ದ ಅವರ ಗಾಡಿಯ ಗಾಲಿಗೆ ತೊಂಡೆಬಳ್ಳಿ ಹಬ್ಬಿತ್ತು.

ನುಣುಪು ಗಾಡಿಯವರ ಶೆಡ್ಡಿನಲ್ಲಿ ಇಂಥ ಕತೆ ಸಿಗಲಿಲ್ಲ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಸಿಗುತ್ತಿತ್ತು. ಬಿಡಿಭಾಗ ಊರಲ್ಲೇ ಇರುತ್ತಿತ್ತು. ವಾರಂಟಿಯೂ ಉಳಿದೆರಡಕ್ಕಿಂತ ಹೆಚ್ಚು ಕಾಲದ್ದು. ಮೂರನೆಯದರ ಸರ್ವಿಸ್ಸು ಶಿವಮೊಗ್ಗದಲ್ಲೇ ಇರಲಿಲ್ಲ, ದಾವಣಗೆರೆಗೆ ಹೋಗಬೇಕಿತ್ತು, ಹಾಗಾಗಿ ಅದು ತಾನಾಗಿ ಬಿದ್ದುಹೋಯಿತು.

ನೋಡುವುದೆಲ್ಲ ಮುಗಿದ ಮೇಲೆ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಮಸಾಲೆದೋಸೆಯ ಮುಂದೆ ನಮ್ಮಿಬ್ಬರ ವಾದ. "ಕಬ್ಬಿಣ ಚೆನ್ನಾಗಿದ್ರೆ ವಾರಂಟಿ ಯಾಕಮ್ಮ ಬೇಕು?" ಎಂದು ಅವರು. "ಕಬ್ಬಿಣ ಒಂದೇನಾ ಅಪ್ಪಾಜಿ ಗಾಡೀಲಿರೋದು? ವೈರಿಂಗ್ ಇದೆ, ಪಂಪಿದೆ, ರಬ್ಬರಿದೆ" ಎಂದು ನಾನು. ಇಬ್ಬರದೂ ಜೋರು ದನಿ. ಸಪ್ಲೈಯರು ಜಗಳವೆಂದುಕೊಂಡು ಬಿಲ್ಲನ್ನು ಬೇಗ ತಂದಿಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಅಪ್ಪಾಜಿ ಶಿಫ್ಟಿನ ಮನುಷ್ಯ. ಹಗಲು ಅವರು ಮಲಗಿದ್ದರೆ ನಾವು ತುದಿಗಾಲಲ್ಲಿ ಓಡಾಡಬೇಕಿತ್ತು. ಅವರ ಜೊತೆ ಕೂತು ಹೀಗೆ ಗಂಟೆಗಟ್ಟಲೆ ಮಾತಾಡಿದ್ದೇ ಇರಲಿಲ್ಲ. ಎರಡು ಮಕ್ಕಳ ತಾಯಿಯಾದ ಮೇಲೆ ನನಗೆ ಅಪ್ಪ ಸಿಕ್ಕಿದ್ದರು. ಇವತ್ತಿಗೂ ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಕೇಳಿದರೆ ನನಗೆ ಆ ಶನಿವಾರಗಳು ನೆನಪಾಗುತ್ತವೆ, ಗಾಡಿ ತೆಗೆದುಕೊಳ್ಳುವುದನ್ನು ಇನ್ನೂ ಒಂದು ವರ್ಷ ಎಳೆಯಬಾರದಿತ್ತೇ ಅನ್ನಿಸುತ್ತದೆ.

ಎಳೆದೆವು, ಆದಷ್ಟು. ಅಮ್ಮನೇ ಒಂದು ದಿನ ರೇಗಿದರು. "ನನ್ನ ನೋಡಕ್ಕೆ ಬಂದಾಗ ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ಒಪ್ಕೊಂಡು ಎದ್ದೋದ್ರು. ಈ ಗಾಡಿಗೆ ಇಷ್ಟು ದಿನಾನಾ?"

ಕೊನೆಗೆ ನುಣುಪು ಗಾಡಿಯೇ ಬಂತು. ನಿರ್ಧಾರ ನನ್ನದು. ಅಪ್ಪಾಜಿ ಮುಖ ಸಣ್ಣದು ಮಾಡಿಕೊಂಡರೂ "ಓಡ್ಸೋಳು ನೀನು, ನಿಂಗೆ ಹಿಡಿಸಿದ್ರೆ ಸರಿ" ಎಂದರು. ಪೂಜೆಯ ದಿನ ಬಾನೆಟ್ಟಿಗೆ ಮೂರು ಗೆರೆ ವಿಭೂತಿ ಎಳೆದವರು ಅವರೇ. ಎಳೆಯುವಾಗ ತಗಡು ಬಳುಕದಿರಲೆಂದು ಬೆರಳನ್ನು ಹಗುರವಾಗಿ ಆಡಿಸಿದ್ದನ್ನು ನಾನು ಗಮನಿಸಿದೆ.

ಇಲ್ಲಿ ಭದ್ರಾವತಿಯವರ ಒಂದು ಚಾಳಿಯನ್ನು ಹೇಳಬೇಕು. ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಬೆಳೆದ ನಮಗೆ ಅಂಗಡಿಯಿಂದ ತಂದ ವಸ್ತು ಎಂದರೆ ಅರ್ಧ ತಯಾರಾದ ವಸ್ತು. ಮಂಚ ತಂದರೆ ಅದರ ಕಾಲುಗಳ ನಡುವೆ ಒಂದು ಅಡ್ಡಪಟ್ಟಿ. ಸೈಕಲ್ ತಂದರೆ ಕ್ಯಾರಿಯರಿಗೆ ಎರಡು ಕಂಬಿ. ಟೀವಿ ಆಂಟೆನಾಕ್ಕೆ, ಹೊಲಿಗೆ ಯಂತ್ರಕ್ಕೆ, ಮಗುವಿನ ತೊಟ್ಟಿಲ ಕೊಕ್ಕೆಗೆ, ಎಲ್ಲಕ್ಕೂ ಒಂದು ತುಂಡು ಕಬ್ಬಿಣ ಸೇರಿಸಿ ವೆಲ್ಡಿಂಗ್ ಹೊಡೆಸಿದರೇ ಸಮಾಧಾನ. ಇದಕ್ಕೆ 'ಸಪೋರ್ಟು ಹೊಡೆಸುವುದು' ಎಂದು ಹೆಸರು. ನಮ್ಮ ಬೀದಿಯಲ್ಲಿ ಸಪೋರ್ಟಿಲ್ಲದೆ ನಿಂತಿದ್ದದ್ದು ಮನುಷ್ಯರು ಮಾತ್ರ. ಹೊರಗಿನವರು ನಕ್ಕರೆ ನಕ್ಕುಕೊಳ್ಳಲಿ, ಆ ಮಂಚಗಳು ಇವತ್ತಿಗೂ ಅಲ್ಲಾಡುವುದಿಲ್ಲ.

ಗಾಡಿ ಬಂದು ಕೆಲವು ತಿಂಗಳಿಗೆ ನನಗೆ ಬೆಂಗಳೂರಿನಲ್ಲಿ ಪೇಪರ್ ವ್ಯಾಲ್ಯುಯೇಷನ್ ಬಿತ್ತು. ಮಕ್ಕಳಿಗೆ ರಜೆ. ಅವರನ್ನೂ ಗಾಡಿಯನ್ನೂ ಜನ್ನಾಪುರದಲ್ಲಿ ಬಿಟ್ಟುಹೋದೆ. ವಾಪಸು ಬಂದಾಗ ಅಪ್ಪಾಜಿ ಗೇಟಿನಲ್ಲೇ ಕಾಯುತ್ತಿದ್ದರು. ಪಕ್ಕದಲ್ಲಿ ಅವರ ಹಳೆಯ ಸ್ನೇಹಿತರೊಬ್ಬರು, ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ಅವರ ಜೊತೆಯಲ್ಲೇ ಹೊರಬಂದು, ಮನೆಯ ಪಕ್ಕ ಸಣ್ಣ ಶೆಡ್ಡು ಹಾಕಿಕೊಂಡಿದ್ದ ತಮಿಳಿನವರು. ಇಬ್ಬರೂ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಬಂದ ಹುಡುಗರ ಹಾಗೆ ನಗುತ್ತಿದ್ದರು.

"ಬಗ್ಗಿ ನೋಡಮ್ಮ" ಎಂದರು ಅಪ್ಪಾಜಿ.

ಬಗ್ಗಿ ನೋಡಿದೆ. ಇಂಜಿನ್ನಿನ ಅಡಿಯಲ್ಲಿ, ಎಣ್ಣೆ ತುಂಬುವ ಚೇಂಬರಿಗೆ ಕಲ್ಲು ತಾಗದಂತೆ ಒಂದು ದಪ್ಪನೆಯ ಉಕ್ಕಿನ ಹಾಳೆ. ನಟ್ಟು ಬೋಲ್ಟಿನದಲ್ಲ, ನೇರವಾಗಿ ಗಾಡಿಯ ಅಡಿಗಟ್ಟಾದ ಚಾಸಿಗೇ ಬೆಸೆದದ್ದು. ಕಪ್ಪು ಪೇಂಟು ಬೇರೆ ಹೊಡೆಸಿದ್ದರು.

"ಎಂಥಾ ಮೆಟೀರಿಯಲ್ ಗೊತ್ತಾ ಮೇಡಂ? ಸಾರೇ ಹುಡುಕಿ ತಂದಿದ್ದು. ಇನ್ನ ನಿಮ್ ಗಾಡಿ ಮೇಲೆ ಆನೆ ಹತ್ತಿದ್ರೂ ಭಯ ಇಲ್ಲ" ಎಂದರು ವೆಲ್ಡರು.

ವಾರಂಟಿ ಪುಸ್ತಕದ ಸಣ್ಣ ಅಕ್ಷರಗಳಲ್ಲಿ ಏನಿತ್ತೆಂದು ನನಗೆ ಬಾಯಿಪಾಠ. ಚಾಸಿಗೆ ಹೊರಗಿನವರು ಬೆಂಕಿ ತಾಗಿಸಿದರೆ ವಾರಂಟಿ ಇಲ್ಲ. ಹೇಳಲು ಬಾಯಿ ತೆರೆದವಳು ಅಪ್ಪಾಜಿಯ ಮುಖ ನೋಡಿದೆ. ನಿವೃತ್ತಿಯಾದ ಮೇಲೆ ಆ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ. ಬಿಸ್ಕತ್ ಡಬ್ಬವನ್ನು ಅವರು ತಮ್ಮ ಕೈಯಾರೆ ಗಾಡಿ ಮಾಡಿದ್ದರು. "ಭರ್ಜರಿಯಾಗಿದೆ ಅಪ್ಪಾಜಿ" ಎಂದೆ. ಮನಸ್ಸಿನಲ್ಲಿ, ವಾರಂಟಿ ಹಾಳಾಗಿ ಹೋಗಲಿ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ.

ಮುಂದೆ ಸಾಗರದ ರಸ್ತೆಯಲ್ಲಿ ಒಮ್ಮೆ ಕಲ್ಲು ತಾಗಿ ದಡಾರೆಂದರೂ ಚೇಂಬರಿಗೆ ಏನೂ ಆಗಲಿಲ್ಲ. ಅದೊಂದು ಕತೆಯನ್ನು ಅಪ್ಪಾಜಿ ಭದ್ರಾವತಿಯಲ್ಲಿ ಹೇಳದ ಮನೆಯಿರಲಿಲ್ಲ. ಅದನ್ನು ಕೇಳಿ ಬೀದಿಯ ಇನ್ನಿಬ್ಬರು ತಮ್ಮ ಗಾಡಿ ತಂದು ಸಲಹೆ ಕೇಳಿದರಂತೆ. ಜಗಲಿಯಲ್ಲಿ ಮತ್ತೆ ಜನ ಕೂರತೊಡಗಿದ್ದರು. ಅಮ್ಮ ಕಾಫಿ ಮಾಡಿ ಮಾಡಿ ಸುಸ್ತಾದೆ ಎಂದು ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ.

ಆಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗನ್ನು ಬಲಕ್ಕೆ ಹಿಡಿದುಕೊಂಡೇ ಓಡಿಸಬೇಕು. ಮುಂದಿನ ಎಡಗಾಲಿಯ ಟೈರು ಒಳಮೈಯಲ್ಲಿ ಸವೆದು ನೂಲು ಕಂಡಿತು. ಅಲೈನ್‌ಮೆಂಟ್ ಮಾಡಿಸಿದರೆ ವಾರದಲ್ಲಿ ಮತ್ತೆ ಅದೇ ಪಾಡು. ಸರ್ವಿಸ್ಸಿಗೆ ಬಿಡುತ್ತೇನೆಂದು ಫೋನು ಮಾಡಿದಾಗ, "ನಾನೂ ಬರ್ತೀನಿ, ಆ ಡಬ್ಬದಲ್ಲಿ ಏನು ಬಳುಕಿದೆ ಅಂತ ನಾನೇ ತೋರಿಸ್ತೀನಿ ಅವ್ರಿಗೆ" ಎಂದು ಅಪ್ಪಾಜಿ ಬೆಳಗಿನ ಬಸ್ಸಿಗೇ ಬಂದರು.

ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿದರು. ವರ್ಕ್‌ಶಾಪಿನ ಮ್ಯಾನೇಜರು ಕೆಳಗೆ ನಿಂತು ಟಾರ್ಚು ಬಿಟ್ಟು ನೋಡಿ, ನಮ್ಮ ಕಡೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ.

"ಮೇಡಂ, ಚಾಸಿಗೆ ಹೊರಗಡೆ ವೆಲ್ಡಿಂಗ್ ಮಾಡ್ಸಿದೀರ. ಇದು ವಾರಂಟಿಲಿ ಬರಲ್ಲ."

ನನಗೆ ಗೊತ್ತಿದ್ದ ಮಾತೇ. ಆದರೆ ಅಪ್ಪಾಜಿ ಪಕ್ಕದಲ್ಲಿ ನಿಂತಿದ್ದರು, ಅದಕ್ಕೇ ನನ್ನ ಪಿತ್ತ ನೆತ್ತಿಗೇರಿತು. ಟೈರು ಸವೆಯುವುದಕ್ಕೂ ಚೇಂಬರಿನ ಕೆಳಗಿನ ಹಾಳೆಗೂ ಏನು ಸಂಬಂಧ ಎಂದೆ. ಗಾಡಿ ಮಾರುವಾಗ ಅಣ್ಣ ತಮ್ಮ, ರಿಪೇರಿಗೆ ಬಂದಾಗ ನೀವ್ಯಾರೋ ನಾವ್ಯಾರೋ, ಇದು ಯಾವ ಸೀಮೆ ನ್ಯಾಯ ಎಂದೆ. ಆ ವೆಲ್ಡಿಂಗ್ ಮಾಡಿಸಿದವರು ಯಾರು ಗೊತ್ತಾ, ನಿಮ್ಮ ಕಂಪನಿ ಹುಟ್ಟುವ ಮೊದಲೇ ಉಕ್ಕು ನೋಡಿದವರು ಎಂದೂ ಅಂದುಬಿಟ್ಟೆ. ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ನಾನು ಜಗಳಗಂಟಿ ಎಂದು ಕಾಲೇಜಿನಲ್ಲಿ, ಮಂಡಿಯಲ್ಲಿ, ಎರಡೂ ಮನೆಯಲ್ಲಿ ಹೆಸರಿತ್ತು. ಅವತ್ತು ಆ ಹೆಸರಿಗೆ ಕುಂದು ತರಲಿಲ್ಲ.

ಮ್ಯಾನೇಜರು ಟಾರ್ಚು ಆರಿಸಿದರು. ಅಪ್ಪಾಜಿಯತ್ತ ತಿರುಗಿ, "ಸರ್, ನೀವೇ ಒಂದ್ಸಲ ಬಂದು ನೋಡಿ" ಎಂದರು.

ಅಪ್ಪಾಜಿ ಚಪ್ಪಲಿ ಬಿಟ್ಟು ಒಳಗೆ ಹೋದರು, ಹಿಂದೆ ನಾನು. ಮ್ಯಾನೇಜರು ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಮುಂದಿನ ಎರಡು ಗಾಲಿಗಳ ನಡುವಿನ ತೊಲೆಗೆ ಆನಿಸಿ ಹಿಡಿದರು. ಬಲಗಡೆ ಪಟ್ಟಿ ಕೂತಿತ್ತು. ಎಡಗಡೆ, ವೆಲ್ಡಿಂಗ್ ಬಿದ್ದ ಜಾಗದ ಹತ್ತಿರ, ಪಟ್ಟಿಗೂ ತೊಲೆಗೂ ನಡುವೆ ಬೆಳಕು ಕಾಣುತ್ತಿತ್ತು. ಅಪ್ಪಾಜಿ ಟಾರ್ಚು ಕೇಳಿ ಇಸಿದುಕೊಂಡರು. ಬೆಸುಗೆಯ ಗೆರೆಯುದ್ದಕ್ಕೂ ಬೆರಳು ಆಡಿಸಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ವಾಪಸು. ಅವರು ಕೆಲಸದಲ್ಲಿದ್ದಾಗ ಹೇಗೆ ಕಾಣುತ್ತಿದ್ದರೆಂದು ನಾನು ನೋಡಿದ್ದು ಅದೊಂದೇ ಸಲ.

"ಹೀಟಿಗೆ ಎಳೆದಿದೆ, ತೊಲೆ ಸೊಟ್ಟಾಗಿದೆ" ಎಂದರು.

"ಹೌದು ಸರ್" ಎಂದರು ಮ್ಯಾನೇಜರು.

"ತುಂಡು ತುಂಡಾಗಿ ಹೊಡೀಬೇಕಿತ್ತು. ತಣ್ಣಗಾಗಕ್ಕೆ ಬಿಟ್ಟು, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಮಗಳು ಬರೋದ್ರೊಳಗೆ ಮುಗಿಸ್ಬೇಕು ಅಂತ ಒಂದೇ ಸಮ ಹೊಡೆಸ್ದೆ. ನಮ್ ವೆಲ್ಡರ್ ಬೇಡ ಸಾರ್ ಅಂದ, ನಾನೇ ಕೇಳ್ಲಿಲ್ಲ." ಟಾರ್ಚನ್ನು ವಾಪಸು ಕೊಟ್ಟರು. "ನೀವು ಮಾಡಿದ್ದು ಸರಿ. ನಾನಾಗಿದ್ರೂ ಪಾಸ್ ಮಾಡ್ತಿರ್ಲಿಲ್ಲ."

"ಅಪ್ಪಾಜೀ, ನೀವು ಸುಮ್ನಿರಿ" ಎಂದೆ ನಾನು.

"ನೀನು ಸುಮ್ನಿರಮ್ಮ" ಎಂದರು. ಗದರಿಸಲಿಲ್ಲ. ಆ ಹಾಳೆಯನ್ನು ಕತ್ತರಿಸಿ ತೆಗೆದು ತೊಲೆ ಬದಲಾಯಿಸಿ, ಖರ್ಚು ನಮ್ಮದೇ, ಎಂದು ಮ್ಯಾನೇಜರಿಗೆ ಅವರೇ ಹೇಳಿದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಒಳಗೆ ಕತ್ತರಿಸುವ ಯಂತ್ರ ಕಿರುಗುಟ್ಟಿತು. ಅವರು ತಿರುಗಿ ನೋಡದೆ ಗೇಟಿನ ಕಡೆ ನಡೆದರು.

ಗಾಡಿ ಅಲ್ಲೇ ಉಳಿಯಿತು. ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಭದ್ರಾವತಿಯ ಬಸ್ಸು ಹತ್ತಿದೆ. ಎರಡು ಸೀಟು ಸಿಕ್ಕಿತು. ಬಸ್ಸು ಊರು ದಾಟುವವರೆಗೂ ನಾನು ಆ ಮ್ಯಾನೇಜರನ್ನು ಬೈಯುತ್ತಲೇ ಇದ್ದೆ. ಅಪ್ಪಾಜಿ ಬೆರಳಿಗೆ ಹತ್ತಿದ್ದ ಮಸಿಯನ್ನು ಕರವಸ್ತ್ರದಿಂದ ಉಜ್ಜುತ್ತ ಕೂತಿದ್ದರು. ಮಲವಗೊಪ್ಪ ಬಂತು. ಅಲ್ಲಿ ಇಳಿಯುವವರು ಇಳಿದು ಬಸ್ಸು ಮತ್ತೆ ಹೊರಟಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ನಾನು ಇವತ್ತು ರಿಟೈರ್ ಆದೆ ಕಣಮ್ಮ."

"ಏನ್ ಮಾತು ಅಪ್ಪಾಜಿ ಅದು? ಒಂದು ವೆಲ್ಡಿಂಗ್ ಹೆಚ್ಚುಕಡಿಮೆ ಆಗಿದ್ದಕ್ಕೆ?"

"ಕಾರ್ಖಾನೇಲಿ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿದ್ರಲ್ಲ, ಅವತ್ತು ನಂಗೇನೂ ಅನ್ಸಿರ್ಲಿಲ್ಲ. ಅವ್ರಿಗೆ ನಾನು ಬೇಡ ಆಗಿದ್ದೆ, ಅಷ್ಟೇ. ನನ್ ಕೆಲ್ಸ ತಪ್ಪಿರ್ಲಿಲ್ಲ. ಅದೊಂದು ಧೈರ್ಯ ಇತ್ತು." ಕರವಸ್ತ್ರವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. "ಇವತ್ತು ನನ್ ಕೆಲ್ಸಾನ ನಾನೇ ರಿಜೆಕ್ಟ್ ಮಾಡ್ದೆ."

ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ನನಗೆ ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸುತ್ತಿತ್ತು. ಮ್ಯಾನೇಜರು ನಿಜ ಹೇಳಿದ್ದರು, ವೆಲ್ಡರು ಬೇಡವೆಂದಿದ್ದರು, ಅಪ್ಪಾಜಿ ನನಗಾಗಿಯೇ ಅವಸರ ಮಾಡಿದ್ದರು. ಭದ್ರಾವತಿ ಬರುವವರೆಗೂ ಯೋಚಿಸಿದೆ, ಜಗಳವಾಡಲು ನನಗೆ ಯಾರೂ ಸಿಗಲಿಲ್ಲ.